ವಾಯುಭಾರ ಮಾಪಕ: ಮುಳ್ಳಿನ ಜೊತೆಗೆ ಗಡಿಯಾರವನ್ನೂ ನೋಡಿ

ಮನೆಯಲ್ಲಿ ವಾಯುಭಾರ ಮಾಪಕ ಇಟ್ಟುಕೊಂಡವರು ಎಡವುವುದು ಎರಡೇ ಕಡೆ: ಊರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಳತೆ ನೋಡಿದ ಹೊತ್ತನ್ನು ಬರೆದಿಡುವುದಿಲ್ಲ.

ಕೊಳ್ಳುವುದಾದರೆ ಗಾಳಿ ತೆಗೆದ ಲೋಹದ ಡಬ್ಬಿಯಿರುವ ಅನೆರಾಯ್ಡ್ ಮಾಪಕವನ್ನೇ ಕೊಳ್ಳಿ. ಪಾದರಸದ್ದು ಮನೆಗೆ ಬೇಡ. ಬಾಟಲಿಯ ಬಾಯಿಗೆ ಬಲೂನು ಬಿಗಿದು ಮಾಡುವ ಶಾಲಾ ಮಾದರಿಯಲ್ಲಿ ಒಳಗಿನ ಗಾಳಿ ಕಾದು ಹಿಗ್ಗುವುದರಿಂದ, ದಾವಣಗೆರೆಯ ಬೇಸಿಗೆಯಲ್ಲಿ ಅದು ಒತ್ತಡಕ್ಕಿಂತ ಸೆಕೆಯನ್ನೇ ಹೆಚ್ಚಾಗಿ ತೋರಿಸುತ್ತದೆ. ಬಿಸಿಲು ತಾಗದ ಗೋಡೆಗೆ ಮಾಪಕವನ್ನು ತೂಗುಹಾಕಿ.

ಇನ್ನು ಎತ್ತರದ ಹೊಂದಾಣಿಕೆ. ಸಮುದ್ರಮಟ್ಟದಲ್ಲಿ ಸರಾಸರಿ ವಾಯುಭಾರ 1013 ಹೆಕ್ಟೋಪ್ಯಾಸ್ಕಲ್. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ಅದು 945ರ ಆಸುಪಾಸು, ಇನ್ನೂ ನೂರಕ್ಕೂ ಹೆಚ್ಚು ಮೀಟರ್ ಮೇಲಿರುವ ಚಿತ್ರದುರ್ಗದಲ್ಲಿ 930ರ ಆಸುಪಾಸು. ಹೊಂದಿಸದ ಮಾಪಕದ ಮುಳ್ಳು ಆದ್ದರಿಂದಲೇ ಸದಾ ‘ಬಿರುಗಾಳಿ’ಯ ತುದಿಗೆ ಅಂಟಿಕೊಂಡಿರುತ್ತದೆ. ಹತ್ತಿರದ ಹವಾಮಾನ ವೀಕ್ಷಣಾಲಯದ ಸಮುದ್ರಮಟ್ಟದ ಅಂಕಿಯನ್ನು ನೋಡಿ, ಅದೇ ಹೊತ್ತಿನಲ್ಲಿ ಹಿಂಬದಿಯ ತಿರುಪನ್ನು ಮೆಲ್ಲಗೆ ತಿರುಗಿಸಿ ಮುಳ್ಳನ್ನು ಆ ಅಂಕಿಗೆ ತನ್ನಿ. ತಿರುಪು ಅಷ್ಟು ದೂರ ತಿರುಗದ ಅಗ್ಗದ ಮಾಪಕ ನಮ್ಮ ಎತ್ತರಕ್ಕೆ ಪ್ರಯೋಜನವಿಲ್ಲ. ಫಲಕದ ಮೇಲಿನ ‘ಮಳೆ’, ‘ಒಣಹವೆ’ ಎಂಬ ಬರಹಗಳು ಯುರೋಪಿನ ಹವೆಗೆ ತಕ್ಕವು, ಅವನ್ನು ನಂಬಬೇಡಿ.

ಮುಖ್ಯವಾದದ್ದು ಓದುವ ಕ್ರಮ. ಉಷ್ಣವಲಯದಲ್ಲಿ ವಾಯುಭಾರವು ಹವೆ ಬದಲಾಗದಿದ್ದರೂ ದಿನಕ್ಕೆರಡು ಸಲ ಏರಿಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿರುತ್ತದೆ, ಸಂಜೆ ಮತ್ತು ನಸುಕಿನ ನಾಲ್ಕರ ಸುಮಾರಿಗೆ ಇಳಿದಿರುತ್ತದೆ. ಬೆಳಿಗ್ಗೆಯಿಂದ ಸಂಜೆಗೆ ಮೂರು-ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿಯುವುದು ಸಹಜ. ಇದನ್ನೇ ಮಳೆಯ ಸೂಚನೆಯೆಂದು ತಿಳಿದು ಅಂಗಳದಲ್ಲಿ ಒಣಹಾಕಿದ ಮೆಕ್ಕೆಜೋಳವನ್ನು ದಿನವೂ ರಾಶಿ ಮಾಡಿ ಮುಚ್ಚುವವರಿದ್ದಾರೆ. ಗಾಜನ್ನು ಬೆರಳಿನಿಂದ ಹಗುರವಾಗಿ ತಟ್ಟಿ, ಪ್ರತಿದಿನ ಬೆಳಿಗ್ಗೆ ಹತ್ತಕ್ಕೇ ಓದಿ ಬರೆದಿಡಿ. ಇಂದಿನ ಹತ್ತು ಗಂಟೆಯ ಅಂಕಿಯನ್ನು ನಿನ್ನೆಯ ಹತ್ತು ಗಂಟೆಯ ಅಂಕಿಯೊಂದಿಗೆ ಮಾತ್ರ ಹೋಲಿಸಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಈ ಹೋಲಿಕೆಯಲ್ಲಿ ಎರಡು-ಮೂರು ಹೆಕ್ಟೋಪ್ಯಾಸ್ಕಲ್ ಇಳಿದು, ಮರುದಿನವೂ ಇಳಿಕೆ ಮುಂದುವರಿದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಇತ್ತ ಸರಿಯುತ್ತಿರಬಹುದು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಮೋಡದಿಂದ ಕೆಳಗೆ ಧುಮುಕುವ ತಂಪು ಗಾಳಿ ತಲುಪಿದಾಗ ಮುಳ್ಳು ಇಳಿಯುವ ಬದಲು ಥಟ್ಟನೆ ಏರುತ್ತದೆ, ಅಷ್ಟರಲ್ಲಿ ಮಳೆಯೂ ಬಂದಿರುತ್ತದೆ.