ಧಣಿ ಊರಲ್ಲಿಲ್ಲ, ಸೂರು ಸೋರುತ್ತಿದೆ

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ಕಡೆ. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಧಣಿಯ ಪರವಾಗಿ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು ಆಗಿದ್ದರು. ಈಗ ನಾನು ಮಾಡುತ್ತಿರುವುದೂ ಹೆಚ್ಚುಕಡಿಮೆ ಅಂಥದ್ದೇ ಕೆಲಸ, ಜಾಗ ಮಾತ್ರ ಇಂಗ್ಲೆಂಡಿನ ಹೆರಿಫರ್ಡ್‌ಶೈರ್. ಇಲ್ಲಿ ಇದಕ್ಕೆ ಲ್ಯಾಂಡ್ ಏಜೆಂಟ್ ಅಂತಾರೆ. ಧಣಿಗಳು ಸಿಂಗಪುರದಲ್ಲಿ ಇರುವವರು. ಬೇಸಿಗೆಯಲ್ಲೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಜಮೀನು, ಕಾಡು, ಹಳ್ಳಿಯ ಕಾಟೇಜುಗಳು, ಒಕ್ಕಲು ಮನೆಗಳು ಎಲ್ಲವೂ ನನ್ನ ಸುಪರ್ದಿಯಲ್ಲಿವೆ.

ಊರಿಗೆ ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಅಲ್ಲಿ ಇನ್ನೂ ಗೇಣಿ ಇದೆಯಾ?' ಇದೆ. ನಮ್ಮಲ್ಲಿ ಭೂಸುಧಾರಣಾ ಕಾಯಿದೆಗೆ 1974ರ ತಿದ್ದುಪಡಿ ಬಂದು, ಫಾರಂ ನಂಬರ್ 7 (ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿ) ಹಾಕಿ ಗೆದ್ದ ಗೇಣಿದಾರರು ಹೊಲದೊಡೆಯರಾದರು. ಇಂಗ್ಲೆಂಡಿನಲ್ಲಿ ಈಗಲೂ ಕೃಷಿ ಭೂಮಿಯ ಸುಮಾರು ಮೂರನೇ ಒಂದು ಭಾಗ ಗೇಣಿಯದ್ದೇ. ಹಾಗಂತ ಗೇಣಿದಾರರು ಕೈಕಟ್ಟಿ ನಿಲ್ಲುವವರು ಅಂದುಕೊಳ್ಳಬೇಡಿ. 1984ರ ಜುಲೈ 12ಕ್ಕಿಂತ ಹಿಂದಿನ ಗೇಣಿಯಾದರೆ, ಸಾಮಾನ್ಯವಾಗಿ ಮನೆಯವರೊಳಗೆ ಎರಡು ಸಲ ಕೈ ಬದಲಾಗುವ ಹಕ್ಕಿದೆ. ಧಣಿಗೆ ಮನಸ್ಸಾಯಿತು ಅಂತ ಸುಮ್ನೆ ಎಬ್ಬಿಸಲು ಬರುವುದಿಲ್ಲ. 1995ರ ಸೆಪ್ಟೆಂಬರ್ 1ರಿಂದ ಬಂದ ಹೊಸ ಬಗೆಯ ಗೇಣಿಯಲ್ಲಿ ಈ ಹಕ್ಕಿಲ್ಲ. ನಮ್ಮ ಎಸ್ಟೇಟಿನಲ್ಲಿ ಎರಡೂ ಬಗೆಯವರು ಬೇಲಿಯ ಆಚೆ ಈಚೆ ಇದ್ದಾರೆ. ಯಾರು ಯಾವ ಕಾಯಿದೆಯವರು ಅನ್ನುವುದು ನಿದ್ದೆಯಲ್ಲಿ ಕೇಳಿದರೂ ಹೇಳಲು ಬರಬೇಕು.

ಗೇಣಿ ವಸೂಲಿ ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ್ದು. ಮಾರ್ಚ್ 25 ಲೇಡಿ ಡೇ, ಸೆಪ್ಟೆಂಬರ್ 29 ಮೈಕಲ್‌ಮಸ್. ಹಳೇ ಕಾಲದ ಗಡುವುಗಳು, ಹಣ ಮಾತ್ರ ಈಗ ಬ್ಯಾಂಕಿನಿಂದ ತಾನಾಗಿ ಬರುತ್ತದೆ. ಅದು ಕಕ್ಷಿದಾರರ ಹಣಕ್ಕೆಂದೇ ಇರುವ ಬೇರೆ ಖಾತೆಗೆ ಹೋಗಬೇಕು, ಆಫೀಸಿನ ಖರ್ಚಿನ ಜೊತೆ ಬೆರೆಯುವಂತಿಲ್ಲ. ಧಣಿ ಪರದೇಶದಲ್ಲಿ ಇರುವುದರಿಂದ ಇನ್ನೊಂದು ತಾಪತ್ರಯ. ತೆರಿಗೆ ಇಲಾಖೆಯಿಂದ ಅವರು ಒಪ್ಪಿಗೆ ತಂದುಕೊಳ್ಳದಿದ್ದರೆ, ಖರ್ಚು ಕಳೆದು ಉಳಿದ ಗೇಣಿ-ಬಾಡಿಗೆಯಲ್ಲಿ 20% ತೆರಿಗೆ ಹಿಡಿದು ಮೂರು ತಿಂಗಳಿಗೊಮ್ಮೆ ಕಟ್ಟುವ ಹೊಣೆ ಏಜೆಂಟನದು. ನಾನು ಕೆಲಸಕ್ಕೆ ಸೇರಿದ ಕೂಡಲೇ ಮಾಡಿಸಿದ್ದು ಆ ಒಪ್ಪಿಗೆ ಪತ್ರ.

ಕಷ್ಟದ್ದು ರಿಪೇರಿ. ಧಣಿಯ ಮುಖವನ್ನೇ ನೋಡದ ಒಕ್ಕಲು ಅವರನ್ನು ಅಳೆಯುವುದು ಸೂರು ಎಷ್ಟು ಬೇಗ ರಿಪೇರಿ ಆಯಿತು ಅನ್ನುವುದರಿಂದಲೇ.

ಒಂದು ಒಕ್ಕಲು ಮನೆಯ ಮಲಗುವ ಕೋಣೆಯ ಸೀಲಿಂಗಿನಲ್ಲಿ ಕಂದು ಕಲೆ ಕಾಣಿಸಿಕೊಂಡಿತು. ನಮ್ಮ ಕರಾರಿನ ಪ್ರಕಾರ ಮಾಡು, ಹೊರಗೋಡೆಗಳ ರಿಪೇರಿ ಧಣಿಯದು. ಗಟರಿನ (ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿ) ಎಲೆ-ಕಸ ತೆಗೆಯುವುದು ಗೇಣಿದಾರರದು. ನೀರು ಬಂದದ್ದು ಎಲ್ಲಿಂದ ಅನ್ನುವುದರ ಮೇಲೆ ಖರ್ಚು ಯಾರದು ಅಂತ ತೀರ್ಮಾನ. ಆ ಮನೆಯ ಗೇಣಿದಾರರು ಹಿರಿಯರು, ನನ್ನನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಮಾತ್ರ ಅವರ ಹೆಸರಿಗೆ ಮುಂದೆ ಮಿಸ್ಟರ್ ಸೇರಿಸದೆ ನಾಲಿಗೆ ಹೊರಳುವುದಿಲ್ಲ. 'ಗಟರ್ ಶುದ್ಧವಾಗಿದೆ, ಬೇಕಾದರೆ ಹತ್ತಿ ನೋಡಿ' ಅಂದರು. ಏಣಿ ಹಾಕಿ ನೋಡಿದೆ. ಶುದ್ಧವಾಗಿಯೇ ಇತ್ತು. ಆಮೇಲೆ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿದೆ. ಸ್ಲೇಟ್ ಹಂಚುಗಳ ಸಂದಿಯಲ್ಲಿ ಅಲ್ಲಲ್ಲಿ ಬೆಳಕು ಕಾಣುತ್ತಿತ್ತು. ಹಂಚು ಗಟ್ಟಿಯಾಗಿಯೇ ಇತ್ತು, ಹಿಡಿದಿದ್ದ ಕಬ್ಬಿಣದ ಮೊಳೆಗಳು ತುಕ್ಕು ತಿಂದು ಸೂಜಿಯಷ್ಟು ಸಣ್ಣಗಾಗಿದ್ದವು. ಬೆರಳಲ್ಲಿ ಒತ್ತಿದರೆ ಮುರಿಯುತ್ತಿದ್ದವು. ಅಂದರೆ ಜಾರಿದ ನಾಲ್ಕು ಹಂಚು ಸರಿಮಾಡಿದರೆ ಮುಂದಿನ ಗಾಳಿಗೆ ಇನ್ನು ನಾಲ್ಕು ಜಾರುತ್ತವೆ. ಆ ಕಡೆಯ ಮಾಡನ್ನು ಪೂರ್ತಿ ಬಿಚ್ಚಿ, ಅದೇ ಹಂಚನ್ನು ತಾಮ್ರದ ಮೊಳೆಯಲ್ಲಿ ಮತ್ತೆ ಕೂರಿಸಬೇಕು. ಖರ್ಚು ಧಣಿಯದು.

ಇದನ್ನು ಸಿಂಗಪುರಕ್ಕೆ ಹೇಳುವುದು ಹೇಗೆ? ಚಳಿಗಾಲದಲ್ಲಿ ಅಲ್ಲಿ ಎಂಟು ಗಂಟೆ ಮುಂದೆ. ನಾನು ಬೆಳಗ್ಗೆ ಕಂಪ್ಯೂಟರ್ ತೆರೆಯುವಾಗ ಅವರ ದಿನ ಮುಗಿಯುತ್ತಾ ಬಂದಿರುತ್ತದೆ. 'ಏನು ಮಾಡಲಿ?' ಅಂತ ಬರೆದರೆ ವಾರ ಕಳೆದರೂ ಉತ್ತರ ಬರುವುದಿಲ್ಲ. ಅದಕ್ಕೆ ಎರಡು ಫೋಟೋ, ಎರಡು ಗುತ್ತಿಗೆದಾರರ ದರ, ಬಿಟ್ಟರೆ ಆಗುವ ಹಾನಿ, ಕೊನೆಗೆ 'ಶುಕ್ರವಾರ ಕೆಲಸ ಒಪ್ಪಿಸುತ್ತೇನೆ, ಬೇಡವಾದರೆ ಅಷ್ಟರೊಳಗೆ ತಿಳಿಸಿ' ಅಂತ ಒಂದು ಸಾಲು ಬರೆಯುತ್ತೇನೆ. ಇದಕ್ಕೂ ಮೊದಲೇ ಒಪ್ಪಂದದಲ್ಲಿ ಬರೆಸಿಕೊಂಡಿರಬೇಕು. ಇಷ್ಟು ಪೌಂಡ್‌ವರೆಗೆ ಕೇಳದೆ ಖರ್ಚು ಮಾಡಬಹುದು, ಅದರ ಮೇಲಿನದಕ್ಕೆ ಹೀಗೆ ತಿಳಿಸಿ ಮಾಡಬಹುದು, ಗೇಣಿದಾರರಿಗೆ ನೋಟಿಸ್ ಕೊಡುವ ಅಧಿಕಾರ ನನಗಿದೆ ಅಂತ. ಬಾಯಿಮಾತಿನ ಮೇಲೆ ಈ ಕೆಲಸ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಭಯ.

ನೋಟಿಸಿನ ತಾರೀಕುಗಳನ್ನು ನಾನು ಯಾರಿಗೂ ವಹಿಸುವುದಿಲ್ಲ. ಹಳೆಯ ಗೇಣಿಯಲ್ಲಿ ದರ ಪರಿಷ್ಕರಣೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ. ಅದಕ್ಕೆ ಕನಿಷ್ಠ ಹನ್ನೆರಡು ತಿಂಗಳು ಮೊದಲೇ ನೋಟಿಸ್ ಹೋಗಿರಬೇಕು. ಮೈಕಲ್‌ಮಸ್ ದಾಟಿತೋ, ಇಡೀ ವರ್ಷ ಹೋಯಿತು. ಮಾತುಕತೆ ಮಾತ್ರ ಅಡುಗೆಮನೆಯ ಮೇಜಿನ ಮೇಲೆ, ಟೀ ಜೊತೆ. ಇಲ್ಲಿ ಲೆಕ್ಕ ಆ ಜಮೀನು ಏನು ಬೆಳೆದೀತು, ಎಷ್ಟು ದುಡಿದೀತು ಅನ್ನುವುದರ ಮೇಲೆ. ಪೇಟೆಯಲ್ಲಿ ಯಾರೋ ಜಾಸ್ತಿ ಕೊಡುತ್ತಾರೆ ಅನ್ನುವ ಮಾತು ಆ ಮೇಜಿನ ಮೇಲೆ ನಡೆಯುವುದಿಲ್ಲ. ಗೇಣಿದಾರರು ತಮ್ಮ ದುಡ್ಡಲ್ಲಿ ಕಟ್ಟಿದ ಶೆಡ್ಡಿಗೆ ದರ ಏರಿಸುವಂತಿಲ್ಲ. ಅದು ಸರಿಯೇ ಅಲ್ವಾ? ಆದರೆ ಶೆಡ್ಡಿಗೆ ಧಣಿಯ ಲಿಖಿತ ಒಪ್ಪಿಗೆ ಯಾವಾಗ ಸಿಕ್ಕಿತು ಅನ್ನುವ ಕಾಗದ ಫೈಲಿನಲ್ಲಿ ಇರಬೇಕು.

ಉಳಿದದ್ದು ನಡೆದಾಟ. ಬೂಟು ಹಾಕಿ ನಡೆಯದೆ ಆಫೀಸಿನಿಂದ ಎಸ್ಟೇಟ್ ನೋಡಿಕೊಳ್ಳುತ್ತೇನೆ ಅನ್ನುವುದು ಸುಳ್ಳು. ಬ್ರಿಟನ್ನಿನಲ್ಲಿ 2012ರಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಆಶ್ ಮರಗಳು ಸಾಯುತ್ತಿವೆ. ರಸ್ತೆ ಬದಿಯವುಗಳ ನೆತ್ತಿಯನ್ನು ಬೇಸಿಗೆಯಲ್ಲಿ, ಎಲೆ ಇರುವಾಗಲೇ ನೋಡಿ ಗುರುತು ಹಾಕಬೇಕು. ಬೇಲಿ ಸವರುವುದು ಮಾರ್ಚ್‌ನಿಂದ ಆಗಸ್ಟ್ ಕೊನೆಯವರೆಗೆ ನಿಷಿದ್ಧ, ಹಕ್ಕಿ ಗೂಡು ಕಟ್ಟುವ ಕಾಲ ಅದು. ಕಾಟೇಜುಗಳ ತಲೆನೋವು ಬೇರೆ. ಬಾಡಿಗೆಗೆ ಕೊಡಬೇಕಾದರೆ 2020ರಿಂದ ಇಂಧನ ದಕ್ಷತೆಯಲ್ಲಿ ಕನಿಷ್ಠ 'ಇ' ದರ್ಜೆ ಇರಬೇಕು. ದಪ್ಪ ಕಲ್ಲುಗೋಡೆಯ ಹಳೇ ಮನೆಗೆ ಆ ದರ್ಜೆ ತರಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಆ ಹಿರಿಯರು ಈಗ ಮಗಳ ಹೆಸರಿಗೆ ಗೇಣಿ ದಾಟಿಸುವ ಯೋಚನೆಯಲ್ಲಿದ್ದಾರೆ. ಕಳೆದ ಏಳು ವರ್ಷಗಳಲ್ಲಿ ಐದು ವರ್ಷ ಆಕೆಯ ಮುಖ್ಯ ಜೀವನೋಪಾಯ ಆ ಜಮೀನೇ ಆಗಿತ್ತು ಅಂತ ತೋರಿಸಬೇಕು. ಏನೇನು ದಾಖಲೆ ಬೇಕು ಅಂತ ನನ್ನನ್ನೇ ಕೇಳಿದರು. 'ನಾನು ಧಣಿಯ ಕಡೆಯವನು, ಇದಕ್ಕೆ ನಿಮ್ಮದೇ ಏಜೆಂಟರನ್ನು ಇಟ್ಟುಕೊಳ್ಳಿ' ಅಂದೆ. ಇಟ್ಟುಕೊಂಡರು. ಅವರ ಕಡೆಯಿಂದ ಬಂದ ಮೊದಲ ಪತ್ರದಲ್ಲಿ ಮೂಲ ಕರಾರಿನ ನಕಲು ಕೇಳಿದ್ದರು. ಎರಡನೆಯದು ಕೊಟ್ಟಿಗೆಯ ಹಿಂಗೋಡೆಯ ಬಿರುಕಿನ ಬಗ್ಗೆ, ಫೋಟೋ ಸಮೇತ.