ಕೀಮೋ, ರೇಡಿಯೇಷನ್ ನಡೆಯುವಾಗ ಕಷ್ಟವನ್ನು ಸುಮ್ನೆ ಸಹಿಸಿಕೊಳ್ಳಬೇಡಿ

ಕ್ಯಾನ್ಸರ್‌ಗೆ ಕೊಡುವ ಕೀಮೋ (ಔಷಧಿ), ರೇಡಿಯೇಷನ್ (ಕಿರಣ) ಚಿಕಿತ್ಸೆ ಅಂದ್ರೆ ಇಷ್ಟೆಲ್ಲಾ ಇದ್ದದ್ದೇ ಅಂತ ಬಾಯಿ ಮುಚ್ಚಿಕೊಂಡು ಇರುವವರೇ ಜಾಸ್ತಿ. ಹಾಗೆ ಮಾಡಬೇಡಿ. ಹೆಚ್ಚಿನ ತೊಂದರೆಗಳಿಗೆ ಔಷಧಿ ಇದೆ, ಬೇಗ ಹೇಳಿದಷ್ಟೂ ಬೇಗ ಹತೋಟಿಗೆ ಬರುತ್ತವೆ.

ಎಲ್ಲಕ್ಕಿಂತ ಮೊದಲು ಜ್ವರ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಕೀಮೋ ಆಗಿ ಸುಮಾರು 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ, ಆಗ ಸಣ್ಣ ಸೋಂಕು ಕೂಡ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಹುದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತು ಅಂದ್ರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ. ಚಳಿ, ನಡುಕ ಬಂದರೂ ಅಷ್ಟೇ. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ನೋಡೋಣ ಅಂತ ಕೂರಬೇಡಿ, ಮಾತ್ರೆಯಿಂದ ಜ್ವರ ಇಳಿದರೂ ಸೋಂಕು ಒಳಗೇ ಇರುತ್ತದೆ.

ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ತಗೊಳ್ಳೋಣ ಅಂತ ಕಾಯುವುದೂ ತಪ್ಪು. ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ತಗೊಳ್ಳಿ. ಹೊಟ್ಟೆ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ತಿನ್ನಿ. ಬಿಸಿ ಊಟದ ವಾಸನೆಗೇ ಹೊಟ್ಟೆ ತೊಳೆಸುತ್ತಿದ್ದರೆ ಆರಿದ್ದನ್ನು ತಿಂದು ನೋಡಿ. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು, ಅದನ್ನು ಹೇಳಲು ನಾಚಿಕೆ ಬೇಡ.

ಬಾಯಿ ಹುಣ್ಣಾದಾಗ ನೀರು ನುಂಗುವುದೂ ಕಷ್ಟ. ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ಕರಗಿಸಿ. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕೆನ್ನೆಯ ಒಳಬದಿಗೆಲ್ಲ ತಾಗುವಂತೆ ನಿಧಾನ ಆಡಿಸಿ ಉಗುಳಿ, ಆಮೇಲೆ ಬರೀ ನೀರಿನಲ್ಲಿ ಮುಕ್ಕಳಿಸಿ. ದಿನಕ್ಕೆ ನಾಲ್ಕೈದು ಸಲ ಮಾಡಿ. ಬ್ರಷ್ ತೀರಾ ಮೆತ್ತಗಿರಲಿ, ಆಲ್ಕೋಹಾಲ್ ಇರುವ ಮೌತ್‌ವಾಷ್ ಮುಟ್ಟಬೇಡಿ.

ಸುಸ್ತು ಬೇರೆಯೇ ಥರದ್ದು, ಎಷ್ಟು ಮಲಗಿದರೂ ಹೋಗುವುದಿಲ್ಲ. ಮೈಯಲ್ಲಿ ಶಕ್ತಿ ಇರುವ ಹೊತ್ತು ಯಾವುದು ಅಂತ ಗಮನಿಸಿ, ಮುಖ್ಯ ಕೆಲಸ ಆಗ ಮಾಡಿ, ಉಳಿದದ್ದನ್ನು ಮನೆಯವರಿಗೆ ಬಿಡಿ. ಆದರೆ ಪೂರ್ತಿ ಮಲಗಿಬಿಟ್ಟರೆ ಸುಸ್ತು ಹೆಚ್ಚುತ್ತದೆ, ಡಾಕ್ಟರ್ ಬೇಡ ಅನ್ನದಿದ್ದರೆ ದಿನಾ ಸ್ವಲ್ಪ ನಡೆಯಿರಿ.

ಕೀಮೋದಲ್ಲಿ ಕೂದಲು ಉದುರುವುದಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಶುರುವಾಗುತ್ತದೆ, ಮುಗಿದ ಮೇಲೆ ಹೆಚ್ಚಿನವರಿಗೆ ಮತ್ತೆ ಬರುತ್ತದೆ. ರೇಡಿಯೇಷನ್‌ನಲ್ಲಿ ಕಿರಣ ಬಿದ್ದ ಜಾಗದ ಕೂದಲು ಮಾತ್ರ ಹೋಗುತ್ತದೆ. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಮಕ್ಕಳನ್ನು ಧೈರ್ಯವಾಗಿ ಅಪ್ಪಿಕೊಳ್ಳಿ.

ಕಿರಣ ಬಿದ್ದ ಜಾಗದ ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿ. ಕಿರಣ ಎಲ್ಲಿ ಬೀಳಬೇಕು ಅಂತ ಚರ್ಮದ ಮೇಲೆ ಹಾಕಿರುವ ಗುರುತು ಅಳಿಸಬೇಡಿ. ಸಡಿಲ ಹತ್ತಿ ಬಟ್ಟೆ ಹಾಕಿ, ಬಿಸಿಲು ತಾಗಿಸಬೇಡಿ, ಯಾವ ಕ್ರೀಮ್ ಆದರೂ ಕೇಳಿಯೇ ಹಚ್ಚಿ. ಕೊನೆಯ ದಿನ ಮುಗಿದ ಮೇಲೂ ಒಂದೆರಡು ವಾರ ಉರಿ ಹೆಚ್ಚಾಗಬಹುದು, ಅದಕ್ಕೆ ಗಾಬರಿ ಬೇಡ. ಆದರೆ ಚರ್ಮ ಸುಲಿದು ನೀರು ಒಸರುತ್ತಿದ್ದರೆ ಮುಂದಿನ ಭೇಟಿಗೆ ಕಾಯದೆ ಹೋಗಿ ತೋರಿಸಿ.