ಟ್ಸುಗ್‌ಷ್ಪಿಟ್ಸೆ: ಗಡಿಶಿಖರವನ್ನು ಎರಡು ದಿನದಲ್ಲಿ ಏರುವುದು ಹೇಗೆ?

ಜರ್ಮನಿಯ ಅತಿ ಎತ್ತರದ ಶಿಖರ ಟ್ಸುಗ್‌ಷ್ಪಿಟ್ಸೆ. ಎತ್ತರ 2,962 ಮೀಟರ್. ಆಸ್ಟ್ರಿಯಾದ ಗಡಿ ಇದರ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಕೇಬಲ್ ಕಾರ್ ಇರುವಾಗ ನಡೆಯುವುದೇಕೆ ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮೊದಲು ದಾರಿ ಆರಿಸಿಕೊಳ್ಳಿ. ಹ್ಯೋಲೆಂಟಾಲ್ ದಾರಿ ಚೆಂದವೇನೋ ಹೌದು. ಆದರೆ ಹಿಮನದಿ ದಾಟಿ, ಬಂಡೆಗೆ ಬಿಗಿದ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ಏರಬೇಕು. ಹೊಸಬರು ಅತ್ತ ಸುಳಿಯಬೇಡಿ. ಆಸ್ಟ್ರಿಯಾದ ಏರ್ವಾಲ್ಡ್ ಕಡೆಯಿಂದ ಬಂದರೆ ಗಾಟರ್ಲ್ ಎಂಬಲ್ಲಿ ಗಡಿ ದಾಟುತ್ತೀರಿ. ದೇಶಗಳ ಗಡಿ ಎಂದರೆ ಅಲ್ಲಿ ಬೇಲಿಯ ನಡುವಿನ ಪುಟ್ಟ ಗೇಟು, ಮಲೆನಾಡಿನ ಉಣಗೋಲಿನ ನೆಂಟ! ಹೆಸರಿನ ಅರ್ಥವೂ ಅದೇ. ಪಾಸ್‌ಪೋರ್ಟ್ ಮಾತ್ರ ಚೀಲದಲ್ಲಿರಲಿ.

ಮೊದಲ ಸಲ ಹೋಗುವವರಿಗೆ ತಕ್ಕದ್ದು ರೈನ್‌ಟಾಲ್ ಕಣಿವೆ. 1820ರ ಆಗಸ್ಟ್ 27ರಂದು ನಕಾಶೆ ತಯಾರಿಕೆಗಾಗಿ ಬಂದ ಸೇನಾಧಿಕಾರಿ ಯೋಸೆಫ್ ನೌಸ್ ಶಿಖರ ಮುಟ್ಟಿದ್ದು ಈ ಕಡೆಯಿಂದಲೇ. 20 ಕಿ.ಮೀ. ಮೀರುವ ನಡಿಗೆ, ಸುಮಾರು 2,200 ಮೀಟರ್ ಏರು. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದ ಮ್ಯೂನಿಕ್ ಕನ್ನಡಿಗರೂ ಇದನ್ನು ಎರಡು ದಿನಕ್ಕೆ ಹಂಚಿಕೊಳ್ಳುವುದು ಲೇಸು. ಜುಲೈನಿಂದ ಸೆಪ್ಟೆಂಬರ್ ಸೂಕ್ತ ಕಾಲ.

ಮೊದಲ ದಿನ ಮ್ಯೂನಿಕ್‌ನಿಂದ ಬೆಟ್ಟದ ಬುಡದ ಊರು ಗಾರ್ಮಿಷ್‌ಗೆ ರೈಲು. ಸ್ಕೀ ಕ್ರೀಡಾಂಗಣ ದಾಟಿದ ಮೇಲೆ ಟಿಕೆಟ್ ಪಡೆದು ಪಾರ್ಟ್ನಾಖ್ ಕೊರಕಲನ್ನು ಹೊಕ್ಕಬೇಕು. ಸುಮಾರು 700 ಮೀಟರ್ ಉದ್ದಕ್ಕೂ ಬಂಡೆ ಕೊರೆದು ಮಾಡಿದ ಕಾಲುದಾರಿ. ತಲೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಪಕ್ಕದಲ್ಲಿ ಹೊಳೆಯ ಅಬ್ಬರಕ್ಕೆ ಜೊತೆಯವರ ಮಾತೇ ಕೇಳಿಸುವುದಿಲ್ಲ. ಮಳೆ ಅಂಗಿಯನ್ನು ಚೀಲದ ತಳದಲ್ಲಿ ತುರುಕಿಟ್ಟವರು ಇಲ್ಲಿ ಪರದಾಡುತ್ತಾರೆ. ಮುಂದೆ ಹೊಳೆಯ ಜೊತೆಗೇ ನಡೆದರೆ 1,370 ಮೀಟರ್ ಎತ್ತರದ ರೈನ್‌ಟಾಲಾಂಗರ್ ತಂಗುಮನೆ ಸಿಗುತ್ತದೆ. ಹಾಸಿಗೆ ಮುಂಗಡ ಕಾದಿರಿಸಿರಬೇಕು. ಒಳಗೆ ಹೊಕ್ಕು ಮಲಗಲು ತೆಳು ಬಟ್ಟೆಯ ಚೀಲ, ಕೈಯಲ್ಲಿ ಒಂದಿಷ್ಟು ನಗದು ಯೂರೋ ಇರಲಿ.

ಎರಡನೆಯ ದಿನ ನಸುಕಿನಲ್ಲೇ ಹೊರಡಿ. 2,051 ಮೀಟರ್‌ನ ಕ್ನೋರ್ ತಂಗುಮನೆಯಲ್ಲಿ ಬಾಟಲಿಗಳನ್ನು ತುಂಬಿಸಿಕೊಳ್ಳಿ. ಮೇಲಿರುವುದು ಸುಣ್ಣಕಲ್ಲಿನ ಬಯಲು, ಬಿದ್ದ ನೀರೆಲ್ಲ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಬಯಲಿನ ರೈಲು ನಿಲ್ದಾಣ ದಾಟಿದ ಮೇಲಿನ ಜಲ್ಲಿ ಇಳಿಜಾರು ತಾಳ್ಮೆ ಪರೀಕ್ಷಿಸುತ್ತದೆ: ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಆಮೇಲೆ ಉಕ್ಕಿನ ಹಗ್ಗ ಹಿಡಿದು ಬಂಡೆ ಏರಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು-ಸಿಡಿಲು ಇಲ್ಲಿ ಮಾಮೂಲು. ಮೋಡ ಕಪ್ಪಾದರೆ ಆ ಹಗ್ಗ ಮುಟ್ಟಬೇಡಿ, ಬಯಲಿನಿಂದಲೇ ಹಲ್ಲುಗಾಲಿ ರೈಲು (ಹಲ್ಲಿರುವ ಹಳಿ ಕಚ್ಚಿಕೊಂಡು ಓಡುವ ಬೆಟ್ಟದ ರೈಲು) ಹತ್ತಿ ಇಳಿದುಬಿಡಿ.

ಶಿಖರದಲ್ಲಿ ಚಿನ್ನದ ಬಣ್ಣದ ಶಿಲುಬೆ, ಅದರ ಮುಂದೆ ಫೋಟೋಗೆ ಸಾಲು, ಬಿಸಿ ಸಾಸೇಜಿನ ವಾಸನೆ, ಸಂತೆಯೇ ಸರಿ. ಇಳಿಯಲು ಕೇಬಲ್ ಕಾರ್ ಸಾಕು, ಮಂಡಿಗಳು ಹರಸುತ್ತವೆ. ಕೊನೆಯ ಗಾಡಿಯ ಹೊತ್ತನ್ನು ಮನೆ ಬಿಡುವ ಮುನ್ನವೇ ಬರೆದಿಟ್ಟುಕೊಳ್ಳಿ.